ಬೀಟ್ ಕಟ್ಟಿದವರನ್ನು ಬಿಟ್ಟು ವು-ಟ್ಯಾಂಗ್ ಚರ್ಚೆ ಬೇಡ

ಮಾನ್ಯರೇ,

ಅಮೆರಿಕದ ರ‍್ಯಾಪ್ ತಂಡ ವು-ಟ್ಯಾಂಗ್ ಕ್ಲ್ಯಾನ್‌ನಲ್ಲಿ ಯಾರು ಮೇಲು ಎಂಬ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಓದುಗರ ಪತ್ರಗಳನ್ನು ಓದಿದೆ. ಘೋಸ್ಟ್‌ಫೇಸ್ ಕಿಲ್ಲಾ, ಮೆಥಡ್ ಮ್ಯಾನ್, ಜಿಝಾ, ಮೂವರು ರ‍್ಯಾಪರ್‌ಗಳ ಪರವಾಗಿಯೂ ವಾದ ಜೋರಾಗಿದೆ. ಆದರೆ ಬೀಟ್, ಅಂದರೆ ಮಾತಿನ ಹಿಂದೆ ಸುತ್ತುವ ತಾಳ-ಸಂಗೀತ, ಕಟ್ಟಿದವರ ವಿಷಯಕ್ಕೆ ಯಾರೂ ಕೈಹಾಕಿಲ್ಲ. ಒಬ್ಬರು ಮಾತ್ರ ತಂಡದ ಮುಖ್ಯ ನಿರ್ಮಾಪಕ (ಬೀಟ್ ಕಟ್ಟುವವರು) ರಿಝಾ ಅವರನ್ನು ಹೆಸರಿಸಿ ‘ಬೀಟೆಲ್ಲ ರಿಝಾದೇ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ಅದು ಪೂರ್ತಿ ನಿಜವಲ್ಲ, ಮತ್ತು ಇಡೀ ಚರ್ಚೆ ದಾರಿ ತಪ್ಪುವುದು ಅಲ್ಲಿಯೇ.

ಜಿಝಾ ಅವರ ಎರಡು ಆಲ್ಬಂಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ತಂಡ ಹೆಸರು ಮಾಡುವ ಮೊದಲೇ, 1991ರಲ್ಲಿ, ಅವರ ಮೊದಲ ಆಲ್ಬಂ ಬಂದಿತ್ತು. ಅದರ ಹೆಚ್ಚಿನ ಹಾಡುಗಳ ನಿರ್ಮಾಪಕ ಈಸಿ ಮೋ ಬೀ. 1995ರ ‘ಲಿಕ್ವಿಡ್ ಸ್ವೋರ್ಡ್ಸ್’ನಲ್ಲಿ ಬೀಟ್ ರಿಝಾ ಅವರದು. ನಾಲಿಗೆ ಅದೇ, ಪದಗಳನ್ನು ಅಳೆದು ತೂಗುವ ಬುದ್ಧಿಯೂ ಅದೇ. ಆದರೆ ಮೊದಲನೆಯದನ್ನು ಇಂದು ನೆನೆಯುವವರು ಕಡಿಮೆ, ಎರಡನೆಯದು ಎಲ್ಲರ ಬಾಯಲ್ಲಿದೆ. ಎರಡನೆಯದರಲ್ಲಿ ಡ್ರಮ್ ನಿಧಾನವಾಗಿ, ಒರಟಾಗಿ ಬಡಿಯುತ್ತದೆ, ಅದರ ಸುತ್ತ ಬೇಕಾದಷ್ಟು ಜಾಗ ಖಾಲಿ ಬಿಟ್ಟಿದೆ. ಜಿಝಾರಂಥ ಸಾವಧಾನದ ರ‍್ಯಾಪರ್‌ಗೆ ಬೇಕಿದ್ದುದೇ ಆ ಜಾಗ. ಆ ಆಲ್ಬಂನ ಕೊನೆಯ ಹಾಡಿನಲ್ಲಿ ಜಿಝಾ ದನಿಯೇ ಇಲ್ಲ, ಹಾಡಿದ್ದು ಕಿಲ್ಲಾ ಪ್ರೀಸ್ಟ್. ಬೀಟ್ ಕೂಡ ರಿಝಾದಲ್ಲ, ಇನ್ನೊಬ್ಬ ನಿರ್ಮಾಪಕ ಫೋರ್ತ್ ಡಿಸೈಪಲ್‌ದು.

ಆ ಒರಟುತನ ಎಲ್ಲಿಂದ ಬಂತು? ಮೊದಲ ದಿನಗಳಲ್ಲಿ ರಿಝಾ ಕೈಯಲ್ಲಿದ್ದುದು ಇ-ಮು ಎಸ್‌ಪಿ-1200 ಮತ್ತು ಎನ್‌ಸೋನಿಕ್ ಇಪಿಎಸ್ ಸ್ಯಾಂಪ್ಲರ್‌ಗಳು, ಅಂದರೆ ಹಾಡಿನ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರಗಳು. ಎಸ್‌ಪಿ-1200 ದನಿಯನ್ನು 12 ಬಿಟ್‌ನಲ್ಲಿ, ಸೆಕೆಂಡಿಗೆ ಸುಮಾರು 26 ಸಾವಿರ ಸಲ ಅಳೆದು ಹಿಡಿದಿಡುತ್ತದೆ. ಸಿ.ಡಿ.ಯಲ್ಲಿ ಇದು 16 ಬಿಟ್, 44,100. ಅಂಕಿ ಕಡಿಮೆಯಾದಷ್ಟೂ ದನಿ ಒರಟು. ಎಸ್‌ಪಿ-1200ರ ನೆನಪಿನಲ್ಲಿ ಒಟ್ಟು ಹಿಡಿಸುವುದೇ 10 ಸೆಕೆಂಡಿನ ದನಿ, ಒಂದು ತುಣುಕಿಗೆ ಹೆಚ್ಚೆಂದರೆ ಎರಡೂವರೆ ಸೆಕೆಂಡು. ಹಾಗಾಗಿ ಆ ಯಂತ್ರ ಬಳಸುತ್ತಿದ್ದವರು ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಣುಕು ಹಿಡಿದು, ಆಮೇಲೆ ಯಂತ್ರದೊಳಗೆ ಶ್ರುತಿ ಇಳಿಸುತ್ತಿದ್ದರು. ಜಾಗ ಉಳಿಯುತ್ತಿತ್ತು, ಆದರೆ ಮೇಲಿನ ಸ್ವರಗಳು ಸವೆದು ಒಂದು ಬಗೆಯ ಮರಳು ದನಿ ಸೇರಿಕೊಳ್ಳುತ್ತಿತ್ತು. ಇಂದು ದುಬಾರಿ ಸಾಫ್ಟ್‌ವೇರ್ ಹಾಕಿ ಜನ ನಕಲು ಮಾಡುವುದು ಆ ದೋಷವನ್ನೇ.

ನನ್ನ ತಕರಾರು ಮುಖ್ಯವಾಗಿ ತಂಡದ ಇನ್ನೊಬ್ಬ ರ‍್ಯಾಪರ್ ಇನ್‌ಸ್ಪೆಕ್ಟಾ ಡೆಕ್ ಬಗ್ಗೆ. ನಿಮ್ಮ ಓದುಗರ ಪಟ್ಟಿಯಲ್ಲಿ ಅವರಿಗೆ ಏಳನೇ ಸ್ಥಾನ! ತಂಡದ ‘ಪ್ರೊಟೆಕ್ಟ್ ಯಾ ನೆಕ್’ ಹಾಡಿನಲ್ಲಿ ಮೊದಲ ಚರಣ ಅವರದು. 1997ರ ‘ಟ್ರಯಂಫ್’ನಲ್ಲೂ ಮೊದಲ ಚರಣ ಅವರದೇ. ಆರು ನಿಮಿಷದ ಹತ್ತಿರ ಹೋಗುವ ಆ ಹಾಡಿಗೆ ಪಲ್ಲವಿಯೇ ಇಲ್ಲ, ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಅಂಥ ಕಡೆ ಮೊದಲು ನಿಂತವನು ಸಡಿಲಾದರೆ ಹಾಡೇ ಮೇಲೇಳುವುದಿಲ್ಲ. ‘ಕ್ರೀಮ್’ನ ಎರಡನೇ ಚರಣ ಕೇಳಿ. 1967ರ ಚಾರ್ಮೆಲ್ಸ್ ತಂಡದ ಹಾಡಿನಿಂದ ಎತ್ತಿದ ಪಿಯಾನೊ ತುಣುಕು ಸುತ್ತುತ್ತಲೇ ಇರುತ್ತದೆ, ಡೆಕ್ ಅದರ ಮೇಲೆ ದನಿ ಏರಿಸದೆ, ಪಕ್ಕದಲ್ಲಿ ಕೂತು ಮಾತಾಡುವವರಂತೆ ಸಾಗುತ್ತಾರೆ.

ಅಷ್ಟಿದ್ದೂ ಹಿಂದೆ ಬಿದ್ದದ್ದೇಕೆ? 1994ರ ನವೆಂಬರ್‌ನಿಂದ 1996ರ ಅಕ್ಟೋಬರ್‌ವರೆಗೆ ತಂಡದ ಮೆಥಡ್ ಮ್ಯಾನ್, ಓಡಿಬಿ (ಓಲ್ ಡರ್ಟಿ ಬಾಸ್ಟರ್ಡ್), ರೇಕ್ವಾನ್, ಜಿಝಾ, ಘೋಸ್ಟ್‌ಫೇಸ್ ಐವರ ಸ್ವಂತ ಆಲ್ಬಂಗಳು ಬಂದವು, ಐದರಲ್ಲೂ ಮುಖ್ಯ ನಿರ್ಮಾಪಕ ರಿಝಾ. ಡೆಕ್ ಸರದಿ ಬರುವ ಹೊತ್ತಿಗೆ ರಿಝಾ ಅವರ ನೆಲಮಾಳಿಗೆಯ ಸ್ಟುಡಿಯೊಗೆ ನೀರು ನುಗ್ಗಿ, ಡೆಕ್‌ಗಾಗಿ ಮಾಡಿಟ್ಟಿದ್ದ ಬೀಟುಗಳು ಹಾಳಾದವು. ಡೆಕ್ ಆಲ್ಬಂ ಹೊರಬಂದದ್ದು 1999ರಲ್ಲಿ, ಬಹುಪಾಲು ಬೇರೆಯವರ ಬೀಟಿನೊಂದಿಗೆ. ಈ ನಷ್ಟವನ್ನು ರ‍್ಯಾಪರ್‌ನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ತಂಡದ ಯು-ಗಾಡ್ ಮತ್ತು ಮಾಸ್ಟಾ ಕಿಲ್ಲಾ ವಿಷಯವೂ ಹೀಗೆಯೇ: ತಂಡದ 1993ರ ಮೊದಲ ಆಲ್ಬಂನ ಧ್ವನಿಮುದ್ರಣದ ಹೆಚ್ಚಿನ ಅವಧಿ ಯು-ಗಾಡ್ ಜೈಲಿನಲ್ಲಿದ್ದರು, ಕೊನೆಗೆ ಸೇರಿದ ಮಾಸ್ಟಾ ಕಿಲ್ಲಾಗೆ ಸಿಕ್ಕಿದ್ದು ಒಂದೇ ಚರಣ. ಅಂದಹಾಗೆ, ಯು-ಗಾಡ್ ದನಿಯನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಆ ಪುಟ್ಟ ಸ್ಪೀಕರ್ ಕೆಳಗಿನ ಸ್ವರವನ್ನು ನುಂಗಿಬಿಡುತ್ತದೆ, ಅವರ ದನಿಯ ಬಲವಿರುವುದೇ ಅಲ್ಲಿ. ಇಯರ್‌ಫೋನ್ ಆದರೂ ಹಾಕಿಕೊಳ್ಳಿ.

ಘೋಸ್ಟ್‌ಫೇಸ್ ಅಭಿಮಾನಿಗಳ ವಾದ ಎಲ್ಲರಿಗಿಂತ ಗಟ್ಟಿ ಎಂದು ನನಗನ್ನಿಸುವುದೂ ಬೀಟಿನ ಕಾರಣಕ್ಕೇ. ಅವರ 2000ದ ಆಲ್ಬಂ ‘ಸುಪ್ರೀಮ್ ಕ್ಲಾಯಂಟೆಲ್’ನಲ್ಲಿ ಹಲವು ನಿರ್ಮಾಪಕರ ಕೈಯಿದೆ. ಅದರ ‘ಮೈಟಿ ಹೆಲ್ದಿ’ ಹಾಡಿನ ಬೀಟ್ ಮಾಡಿದ್ದು ಮ್ಯಾಥಮ್ಯಾಟಿಕ್ಸ್ ಎಂಬ ನಿರ್ಮಾಪಕ, ತಂಡದ ‘ಡಬ್ಲ್ಯು’ ಲಾಂಛನ ಬರೆದವರೂ ಅವರೇ. ಬೀಟ್ ಯಾರದಾದರೂ ಘೋಸ್ಟ್‌ಫೇಸ್ ಕಾವು ಇಳಿಯುವುದಿಲ್ಲ. ಮೆಥಡ್ ಮ್ಯಾನ್ ಪರ ಇರುವವರು ಗಾಯಕಿ ಮೇರಿ ಜೆ. ಬ್ಲೈಜ್ ಜೊತೆಗಿನ ಗ್ರ್ಯಾಮಿ ಗೆದ್ದ ಹಾಡಿನ ಎರಡೂ ಮಿಕ್ಸ್ (ಬೇರೆ ಬೇರೆ ಬೀಟಿನ ರೂಪ) ಹುಡುಕಿ ಕೇಳಲಿ. ಒಂದು ರಿಝಾದು, ಇನ್ನೊಂದು ಪಫ್ ಡ್ಯಾಡಿದು. ಚರಣ ಒಂದೇ ಆದರೂ ಮನುಷ್ಯನೇ ಬೇರೆ ಎನಿಸುತ್ತಾನೆ.

1997ರ ಜೋಡಿ ಆಲ್ಬಂ ‘ವು-ಟ್ಯಾಂಗ್ ಫಾರೆವರ್’ನ ಹೊದಿಕೆಯಲ್ಲಿರುವ ಹೆಸರುಗಳನ್ನು ಓದಿದರೆ ರಿಝಾ ಅಲ್ಲದೆ ಫೋರ್ತ್ ಡಿಸೈಪಲ್, ಟ್ರೂ ಮಾಸ್ಟರ್ ಎಂಬ ನಿರ್ಮಾಪಕರಿಬ್ಬರೂ ಸಿಗುತ್ತಾರೆ. ‘ವಿಷನ್ಸ್’ ಹಾಡಿನ ಬೀಟ್ ಕಟ್ಟಿದ್ದು ಏಳನೇ ಸ್ಥಾನದ ಡೆಕ್!

ಆದ್ದರಿಂದ ಸಂಪಾದಕರಲ್ಲಿ ಒಂದು ಕೋರಿಕೆ. ಇಂಥ ಪಟ್ಟಿ ಪ್ರಕಟಿಸುವಾಗ ಪ್ರತಿ ಹಾಡಿನ ಮುಂದೆ ವರ್ಷ ಮತ್ತು ನಿರ್ಮಾಪಕರ ಹೆಸರು ಹಾಕಿ. ಕನ್ನಡ ರ‍್ಯಾಪ್ ಬಗ್ಗೆ ಬರೆಯುವಾಗಲೂ ಹಾಗೆಯೇ ಮಾಡಿ. ಯೂಟ್ಯೂಬ್ ವಿಡಿಯೊದ ಕೆಳಗಿನ ವಿವರಣೆಯನ್ನು ಬಿಡಿಸಿ ನೋಡಿದರೆ ಆ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

– ಓದುಗ, ಮೈಸೂರು