ಸುಬ್ಬಣ್ಣನವರಿಗೆ ಏನಾಯಿತು?

ಬಸವನಗುಡಿ, ಬೆಂಗಳೂರು

ಪ್ರೀತಿಯ ಸುಷ್ಮಾ,

ನಿನ್ನ ಕತೆ ಓದಿದೆ. ಗಾಂಧಿ ಬಜಾರಿನ ಹೂವಿನ ಅಂಗಡಿ, ನೀರು ಚಿಮುಕಿಸಿದ ಗೋಣಿತಾಟು, ಸುಬ್ಬಣ್ಣನವರು ಮೊಳ ಹಾಕುವ ರೀತಿ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ನನ್ನ ತಕರಾರು ಇರುವುದು ಅವರು ಕಾಯಿಲೆ ಬಿದ್ದ ಮೇಲಿನ ಪುಟಗಳ ಬಗ್ಗೆ. ಎಡ ಮಿದುಳಿಗೆ ಪಾರ್ಶ್ವವಾಯು ಹೊಡೆದು ಒಂದೇ ರಾತ್ರಿಯಲ್ಲಿ ಅವರಿಗೆ ಮಾತುಗಳ ಅರ್ಥವೆಲ್ಲ ಅಳಿಸಿಹೋಗುತ್ತದೆ. ಡಾಕ್ಟರು ಬಂದು ‘ಅರ್ಥವೆಲ್ಲ ಎಡಗಡೆ, ಭಾವನೆಯೆಲ್ಲ ಬಲಗಡೆ’ ಅನ್ನುತ್ತಾರೆ. ಎಲ್ಲರ ಬಾಯಲ್ಲೂ ಇರುವ ಮಾತು ಇದು. ಆದರೆ ಮಿದುಳಿನ ಕೆಲಸ ಹಾಗಿಲ್ಲ, ಮತ್ತು ಹಾಗೆ ಬರೆದಿದ್ದರಿಂದ ನಿನ್ನ ಕತೆಗೇ ನಷ್ಟವಾಗಿದೆ.

1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ, 1874ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ, ಇಬ್ಬರೂ ಮಾತು ಕೆಟ್ಟವರ ಮಿದುಳಿನ ಎಡಭಾಗದಲ್ಲಿ ಹಾನಿ ಕಂಡರು. ಅದು ನಿಜ. ಹೆಚ್ಚಿನವರಲ್ಲಿ ಆಡುವ ಮಾತನ್ನು ಕಟ್ಟುವುದು ಎಡ ಮಿದುಳೇ. ಆದರೆ ಪಾರ್ಶ್ವವಾಯು ಸಾಮಾನ್ಯವಾಗಿ ಒಂದು ಬದಿಗೆ ಹೊಡೆಯುತ್ತದೆ, ಇನ್ನೊಂದು ಬದಿ ಉಳಿದಿರುತ್ತದೆ. ಹಾಗಾಗಿ ಅಂಥ ರೋಗಿ ಹೆಸರಿಗಾಗಿ ತಡಕಾಡಿದರೂ ಸೇವಂತಿಗೆ ಎಂದರೆ ಏನೆಂಬುದನ್ನು ಸಾಮಾನ್ಯವಾಗಿ ಪೂರ್ತಿ ಕಳೆದುಕೊಂಡಿರುವುದಿಲ್ಲ. ದೇವರ ಪಟಕ್ಕೆ ಯಾವ ಹೂ, ಮುಡಿಯಲು ಯಾವುದು ಎಂದು ಕೈಯಲ್ಲೇ ಆರಿಸಿ ಕೊಟ್ಟಾನು. ಅಂದಹಾಗೆ, ಎಡ ಮಿದುಳಿಗೆ ಪೆಟ್ಟಾದರೆ ಸೋಲುವುದು ಬಲಗೈ. ನೀನು ಎಡಗೈ ಎಂದು ಬರೆದಿದ್ದೀಯ.

ಅರ್ಥವೇ ಸವೆದುಹೋಗುವ ಕಾಯಿಲೆ ಬೇರೆ ಇದೆ, ನಿನ್ನ ಕತೆ ನಿಜವಾಗಿ ಹುಡುಕುತ್ತಿರುವುದು ಅದನ್ನೇ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ವಾರಿಂಗ್ಟನ್ 1975ರಲ್ಲಿ ಅಂಥ ರೋಗಿಗಳ ಬಗ್ಗೆ ಬರೆದರು. ಮುಂದೆ ಅದಕ್ಕೆ ಸೆಮ್ಯಾಂಟಿಕ್ ಡಿಮೆನ್ಶಿಯಾ ಎಂಬ ಹೆಸರು ಬಂತು. ಟೆಂಪೊರಲ್ ಲೋಬ್ ಎಂಬ ಭಾಗದ ಮುಂತುದಿ ಎಡಕ್ಕೂ ಬಲಕ್ಕೂ ಕ್ರಮೇಣ ಕುಗ್ಗುತ್ತದೆ. ಮೂರ್ಛೆರೋಗಕ್ಕೆಂದು ಒಂದೇ ಬದಿಯ ತುದಿಯನ್ನು ತೆಗೆದವರಲ್ಲಿ ಅರ್ಥಜ್ಞಾನ ಸ್ವಲ್ಪವೇ ಕುಂದುತ್ತದೆ, ಎರಡೂ ಬದಿ ಹಾಳಾದರೆ ನೆಲವೇ ಕುಸಿಯುತ್ತದೆ. ಮ್ಯಾಂಚೆಸ್ಟರಿನಲ್ಲಿ ಮ್ಯಾಥ್ಯೂ ಲ್ಯಾಂಬನ್ ರಾಲ್ಫ್ ಅವರ ತಂಡ ಆರೋಗ್ಯವಂತರ ತಲೆಯ ಮೇಲಿಂದ ಕಾಂತೀಯ ಮಿಡಿತ ಕೊಟ್ಟು ಆ ಭಾಗವನ್ನು ಸ್ವಲ್ಪ ಹೊತ್ತು ಮಂಕುಗೊಳಿಸಿ ನೋಡಿತು. ಎಡಕ್ಕೆ ಕೊಟ್ಟರೂ ಬಲಕ್ಕೆ ಕೊಟ್ಟರೂ ಪದಗಳ ಅರ್ಥ ಹೊಂದಿಸುವುದು ನಿಧಾನವಾಯಿತು. ಎರಡೂ ಸೇರಿ ಒಂದೇ ಹೊರೆ ಹೊತ್ತಿವೆ. ಎಡ ಹೆಚ್ಚು ಸವೆದವರಿಗೆ ಹೆಸರುಗಳ ಕಷ್ಟ ಎದ್ದು ಕಾಣುತ್ತದೆ, ಬಲ ಹೆಚ್ಚು ಸವೆದವರಿಗೆ ಪರಿಚಿತರ ಮುಖವೇ ಗುರುತು ಹತ್ತದು.

ಈಗ ನಿನ್ನ ಸುಬ್ಬಣ್ಣನವರನ್ನು ಇದರಲ್ಲಿಟ್ಟು ನೋಡು. ಒಂದೇ ರಾತ್ರಿಯ ಕತೆ ವರ್ಷಗಳ ಕತೆಯಾಗುತ್ತದೆ. ಮೊದಲು ಹೋಗುವುದು ಸೂಕ್ಷ್ಮ ವ್ಯತ್ಯಾಸ. ಕಾಕಡವನ್ನೂ ಮಲ್ಲಿಗೆ ಅನ್ನುತ್ತಾರೆ, ಆಮೇಲೆ ಎಲ್ಲವೂ ‘ಹೂವು’, ಕೊನೆಗೆ ಎಲ್ಲವೂ ‘ಅದು’. ಮಾತು ಮಾತ್ರ ತಡವರಿಸದೆ ಹರಿಯುತ್ತಿರುತ್ತದೆ. ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ, ಮನೆಯ ದಾರಿ ಮರೆಯುವುದಿಲ್ಲ, ನಿನ್ನೆ ಯಾರು ಬಂದಿದ್ದರೆಂದು ಹೇಳಬಲ್ಲರು. ‘ಒಂದು ಮೊಳ ಕನಕಾಂಬರ ಕೊಡಿ’ ಅಂದ ಗಿರಾಕಿಯನ್ನು ನೋಡಿ, ‘ಕನಕಾಂಬರ ಅಂದ್ರೇನಮ್ಮ?’ ಎಂದು ಸಹಜವಾಗಿ ಕೇಳುತ್ತಾರೆ. ಮುಂದೆ ಬುಟ್ಟಿಯ ತುಂಬ ಅದೇ ಇರುತ್ತದೆ.

ಇಂಥ ರೋಗಿಗಳಿಗೆ ಬಾತುಕೋಳಿಯ ಚಿತ್ರ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿನಿಂದ ಬರೆಯಲು ಹೇಳಿದ್ದುಂಟು. ಕೆಲವರು ನಾಲ್ಕು ಕಾಲು ಬರೆದರು. ಪ್ರಾಣಿ ಎಂಬ ಸಾಮಾನ್ಯ ತಿಳಿವು ಉಳಿದಿದೆ, ಬಾತು ಎಂಬ ವಿಶೇಷ ತಿಳಿವು ಕಳಚಿದೆ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸಾಗಲಿಲ್ಲ. ಪದ ಮರೆಯುವುದಕ್ಕೂ ವಸ್ತುವೇ ಮನಸ್ಸಿನಿಂದ ಕರಗುವುದಕ್ಕೂ ಇರುವ ಅಂತರ ಆ ನಾಲ್ಕು ಕಾಲಿನಲ್ಲಿದೆ. ನಿನ್ನ ಡಾಕ್ಟರ ಭಾಷಣಕ್ಕಿಂತ ಇಂಥದೊಂದು ವಿವರ ಹುಡುಕು.

ಬಲ ಮಿದುಳಿಗೆ ಬರೀ ಭಾವನೆಯ ಖಾತೆ ಕೊಟ್ಟದ್ದೂ ಅನ್ಯಾಯ. ಎರಡು ಅರೆಗಳ ನಡುವಿನ ನರಸೇತುವೆಯನ್ನು ಕತ್ತರಿಸಿದ ರೋಗಿಗಳಲ್ಲಿ ರೋಜರ್ ಸ್ಪೆರಿ (1981ರಲ್ಲಿ ನೊಬೆಲ್ ಬಂದವರು) ಕಂಡದ್ದು ಇದು: ಬಲ ಅರೆಗೆ ಮಾತ್ರ ಕಾಣುವಂತೆ ಒಂದು ವಸ್ತುವಿನ ಹೆಸರು ತೋರಿಸಿದರೆ ಬಾಯಿ ‘ಏನೂ ಕಾಣಲಿಲ್ಲ’ ಅನ್ನುತ್ತದೆ, ಎಡಗೈ ಅದೇ ವಸ್ತುವನ್ನು ಎತ್ತಿಕೊಳ್ಳುತ್ತದೆ. ಬಲ ಮಿದುಳಿಗೆ ಹಾನಿಯಾದವರ ಮೇಲೆ 1977ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ‘ಹೃದಯ ಭಾರವಾಗಿದೆ’ ಎಂಬಂಥ ಮಾತಿಗೆ ಹೊಂದುವ ಚಿತ್ರ ಆರಿಸಿ ಎಂದರೆ, ದೊಡ್ಡ ಹೃದಯವೊಂದನ್ನು ಹೊತ್ತು ಏದುಸಿರು ಬಿಡುವವನ ಚಿತ್ರದತ್ತ ಅವರು ಆಗಾಗ ಬೆರಳು ತೋರಿಸುತ್ತಿದ್ದರು. ಆ ಮಾತಿನ ಅರ್ಥವನ್ನು ಬಾಯಲ್ಲಿ ವಿವರಿಸಲು ಅವರಿಗೆ ಬರುತ್ತಿತ್ತು!

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಬೀಮನ್ ಅವರ ವಾದ ನನಗೆ ಹಿಡಿಸಿದೆ. ಎಡ ಮಿದುಳು ಪದದ ಹತ್ತಿರದ ಅರ್ಥವನ್ನು ಬಿಗಿಯಾಗಿ ಹಿಡಿಯುತ್ತದೆ, ಬಲ ಮಿದುಳು ದೂರದ ನಂಟುಗಳನ್ನು ಸಡಿಲವಾಗಿ ಎಚ್ಚರವಾಗಿಡುತ್ತದೆ. ಹಾಲು ಎಂದೊಡನೆ ನಂದಿನಿ ಪೊಟ್ಟಣ, ಹಸು, ಕಾಫಿ ಬಂದುಬಿಡುತ್ತವೆ. ಗೃಹಪ್ರವೇಶದಲ್ಲಿ ಉಕ್ಕಿಸಿದ್ದು, ಮಣ್ಣು ಮಾಡಿದ ಮೇಲೆ ಹಾಲುತುಪ್ಪ ಬಿಟ್ಟದ್ದು ಹಿಂದೆ ಮಸುಕಾಗಿ ಕಾದಿರುತ್ತವೆ. ನೀನು ಬರೆಯುವ ವಾಕ್ಯಕ್ಕೆ ಇವೆಲ್ಲವೂ ಬೇಕು.

ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಹೋಗಿ ಬಾ. ಎರಡು ಅರೆಗಳನ್ನು ಕಣ್ಣಾರೆ ನೋಡಿದವಳಿಗೆ ‘ಎಡ ಮಿದುಳಿನವರು, ಬಲ ಮಿದುಳಿನವರು’ ಎಂದು ಜನರನ್ನು ವಿಂಗಡಿಸಲು ಮನಸ್ಸು ಬರುವುದಿಲ್ಲ.

ಡಾಕ್ಟರ ಮಾತನ್ನು ಪೂರ್ತಿ ತೆಗೆದುಬಿಡು. ಮಗಳು ಅಂಗಡಿಯಲ್ಲಿ ಕೂತು ಅಪ್ಪನ ಮಾತು ಸವೆಯುವುದನ್ನು ತಾನೇ ಗಮನಿಸಲಿ. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಮುಂಚೆ ತಿದ್ದಿದ ಪ್ರತಿ ನನಗೆ ತೋರಿಸು. ಕನಕಾಂಬರದ ಭಾಗವನ್ನು ನೀನು ಹೇಗೆ ಬರೆಯುತ್ತೀಯೋ ನೋಡಬೇಕು.

ಪ್ರೀತಿಯಿಂದ,
ನಿನ್ನ ಮೇಷ್ಟ್ರು