ಮರಳ ಮೇಲಿನ ಅಕ್ಷರ ಲಂಡನ್ನಿಗೆ ಹೋದದ್ದು

ಗೆಳೆಯಾ,

‘ಶಾಲೆ ಅನ್ನೋದೇ ಬ್ರಿಟಿಷರು ತಂದದ್ದು’ ಅಂತ ಬರೆದಿದ್ದೀಯ. ಇನ್‌ಸ್ಪೆಕ್ಟರು, ಸರ್ಕಾರದ ಗ್ರಾಂಟು ಅವರದ್ದೇ, ಒಪ್ಪಿದೆ. ಕಲಿಸುವ ಕ್ರಮದ ಮಾತು ಬೇರೆ; ಅದು ಇಲ್ಲಿಂದಲೇ ಅಲ್ಲಿಗೆ ಹೋಯಿತು.

1822ರಲ್ಲಿ ಮದರಾಸು ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೋ ಜಿಲ್ಲೆ ಜಿಲ್ಲೆಯಿಂದಲೂ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಕಳಿಸಿದ ಉತ್ತರದಲ್ಲಿ 533 ಶಾಲೆಗಳಿವೆ. ಅವುಗಳಲ್ಲಿ ಕನ್ನಡದ್ದು 235, ತೆಲುಗಿನದು 226, ಇಂಗ್ಲಿಷಿನದು ಒಂದೇ ಒಂದು. ಮಕ್ಕಳು 6,641. ಅದರಲ್ಲಿ ಹುಡುಗಿಯರು ಬರೀ 60, ಹಾಗಾಗಿ ತೀರಾ ಬೀಗುವುದೂ ಬೇಡ.

ಈ ಶಾಲೆಗಳು ಬೆಳಗಿನ ಆರಕ್ಕೆ ಶುರು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಿತ್ತು. ಮೊದಲು ಮರಳಲ್ಲಿ ಬೆರಳಿನಿಂದ ತಿದ್ದುವುದು. ಕೈ ಕುದುರಿದ ಮೇಲೆ ಕಡತ, ಅಂದರೆ ಅಂಟು, ಇದ್ದಿಲು ಬಳಿದು ಮಡಿಚಿದ ಬಟ್ಟೆ, ಬರೆಯಲು ಬಳಪ. ಒರೆಸಿದರೆ ಮತ್ತೆ ಹೊಸದು. ಚಿಕ್ಕವರಿಗೆ ದೊಡ್ಡ ಹುಡುಗರೇ ಹೇಳಿಕೊಡುತ್ತಿದ್ದರು; ಹೇಳಿಕೊಟ್ಟವನ ಪಾಠವೂ ಗಟ್ಟಿಯಾಗುತ್ತಿತ್ತು. ಇಂಗ್ಲೆಂಡ್ ಇದನ್ನು ನಕಲು ಮಾಡಿದ್ದು ಸರಿಯೇ ಅಂತ ಕ್ಯಾಂಪ್‌ಬೆಲ್ಲೇ ಬರೆದಿದ್ದಾನೆ.

ನಕಲು ಮಾಡಿದವನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ. 1789ರಿಂದ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಗಂಡುಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದ. ಊರಿನ ಮಕ್ಕಳು ಮರಳಲ್ಲಿ ತಿದ್ದುವುದು ಅವನ ಕಣ್ಣಿಗೆ ಬಿತ್ತು. ತನ್ನಲ್ಲೂ ಹಾಗೇ ಕಲಿಸಿ ಎಂದಾಗ ಅನಾಥಾಲಯದ ಮೇಷ್ಟ್ರುಗಳು ಇದು ಆಗದ ಹೋಗದ ಕೆಲಸ ಅಂದರು. ಎಂಟು ವರ್ಷದ ಹುಡುಗನೊಬ್ಬನನ್ನೇ ಕಲಿಸಲು ಕೂರಿಸಿದ, ಆಯಿತು. 1797ರಲ್ಲಿ ಅದರ ವಿವರ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲೇ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಮೇಷ್ಟ್ರು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ಕೂರಿಸಿದ.

ಅಗ್ಗ ಎನ್ನುವುದೇ ಇದರ ಆಕರ್ಷಣೆ. ಬಡವರ ಮಕ್ಕಳು ಬೈಬಲ್ ಓದಿದರೆ ಸಾಕು, ಹೇಳಿದಂತೆ ಕೇಳಿದರೆ ಸಾಕು; ಬರಹ, ಲೆಕ್ಕ ಎಲ್ಲರಿಗೂ ಕಲಿಸಬೇಕಿಲ್ಲ ಎಂದು ಸ್ವತಃ ಬೆಲ್ ಬರೆದಿದ್ದ. ಕೆಟ್ಟದ್ದೂ ಅಲ್ಲಿಯೇ. ಕಲಿಸುವ ಹುಡುಗನಿಗೆ ಗೊತ್ತಿದ್ದದ್ದು ಬೆಳಿಗ್ಗೆ ತಾನು ಕಲಿತಷ್ಟೇ; ಯಾರಾದರೂ ‘ಯಾಕೆ?’ ಅಂದರೆ ಮುಗಿಯಿತು. ಕೊನೆಗೆ 1846ರಲ್ಲಿ ಇಂಗ್ಲೆಂಡಿನಲ್ಲಿ, ಕಲಿಸುವ ಮಕ್ಕಳಲ್ಲಿ 13 ವರ್ಷ ತುಂಬಿದವರಿಗೆ ಸಂಬಳ ಕೊಟ್ಟು ಐದು ವರ್ಷ ಮೇಷ್ಟ್ರ ಕೆಲಸದ ತರಬೇತಿ ಕೊಡುವ ಏರ್ಪಾಡು ಬಂತು.

ಅಷ್ಟರಲ್ಲಿ ಅಲ್ಲಿನ ಶಾಲೆಗಳಿಗೆ ಸರ್ಕಾರದ ದುಡ್ಡು ಹರಿಯತೊಡಗಿತ್ತು, 1833ರಲ್ಲಿ ಮೊದಲ ಕಂತು 20,000 ಪೌಂಡು. ದುಡ್ಡಿನ ಹಿಂದೆ ಲೆಕ್ಕ ಕೇಳುವವನೂ ಬಂದ. 1862ರ ನಿಯಮದಲ್ಲಿ ಶಾಲೆಗೆ ಮಗುವೊಂದಕ್ಕೆ 12 ಶಿಲ್ಲಿಂಗ್: ನಾಲ್ಕು ಹಾಜರಿಗೆ, ಎಂಟು ಪರೀಕ್ಷೆಗೆ. ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದರಲ್ಲಿ ಫೇಲಾದರೆ ಶಾಲೆಗೆ 2 ಶಿಲ್ಲಿಂಗ್ 8 ಪೆನ್ಸ್ ಖೋತಾ. ಮೇಷ್ಟ್ರುಗಳು ಇಡೀ ಪಠ್ಯವನ್ನೇ ಬಾಯಿಪಾಠ ಮಾಡಿಸಿದರು. ಮಕ್ಕಳು ಅರ್ಥ ತಿಳಿಯದೆ ಪದ್ಯ ಒಪ್ಪಿಸುತ್ತಾರೆ ಎಂದು ಕ್ಯಾಂಪ್‌ಬೆಲ್ ನಮ್ಮ ಶಾಲೆಗಳನ್ನು ದೂರಿದ್ದೂ ಇದನ್ನೇ.

ಇತ್ತ 1823ರ ಬಳ್ಳಾರಿಯ ಶಾಲೆಗಳಿಗೆ ಸರ್ಕಾರದ ಕಾಸಿರಲಿಲ್ಲ. ಮೇಷ್ಟ್ರ ಸಂಬಳ ಅಪ್ಪ ಅಮ್ಮಂದಿರ ಕೈಯಿಂದ ಬರಬೇಕು. ಯುರೋಪಿನ ಬಟ್ಟೆ ಬಂದು ನೇಕಾರರ ಕೈ ಬರಿದಾಯಿತು. ಮಕ್ಕಳ ತೋಳಿಗೆ ಕಸುವು ಬರುತ್ತಲೇ ದುಡಿಮೆಗೆ ಹಚ್ಚಿದರು. ಹಿಂದೆ ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ ಎಂದು ಆ ಕಲೆಕ್ಟರನೇ ಬರೆದು ಮದರಾಸಿಗೆ ಕಳಿಸಿದ.

ನಿನ್ನ ಗೆಳೆಯ