ಮೂರು ಸೊನ್ನೆಯ ಭಯ

ಮಂಗಳೂರು

ಚಿ. ವಿದ್ಯಾಳಿಗೆ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲೇ ಹೇಳಿರುತ್ತಾಳೆ, ಬಿಡು. ಬೆಂಗಳೂರಿನ ಆಸ್ಪತ್ರೆಯಿಂದ ನೀನು ಬರೆದ ಕಾಗದದ ಕೊನೆಯ ಸಾಲು ಮಾತ್ರ ಎರಡು ದಿನದಿಂದ ತಲೆಯಲ್ಲಿ ಕೂತಿದೆ: "ಪಿಕೊಕೂಲಂಬನ್ನು ನ್ಯಾನೊ ಅಂತ ಬರೆದು, ರೋಗಿಗೆ ಸಾವಿರ ಪಟ್ಟು ಹೆಚ್ಚುಕಮ್ಮಿಯಾದರೆ, ದೊಡ್ಡಪ್ಪ?"

ರೇಡಿಯೋಥೆರಪಿಯ, ಅಂದರೆ ಕಿರಣ ಚಿಕಿತ್ಸೆಯ, ಕೆಲಸಕ್ಕೆ ಬಂದವರಿಗೆ ಹೆದರಿಕೆ ಇರಲೇಬೇಕು. ನೀನು ಹೆದರುತ್ತಿರುವ ಜಾಗ ಮಾತ್ರ ಬೇರೆ ಅಂತ ನನ್ನ ಅನುಮಾನ.

ಮಷೀನಿನ ಡೋಸ್ ಅಳೆಯುವ ಲೆಕ್ಕವನ್ನೇ ನೋಡು. ಕೂಲಂಬ್ ವಿದ್ಯುತ್ ಆವೇಶದ ಅಳತೆ, ಗ್ರೇ ಹೀರಿಕೊಂಡ ಕಿರಣದ ಡೋಸಿನ ಅಳತೆ; ಪಿಕೊ ಅಂದರೆ ನ್ಯಾನೊದ ಸಾವಿರದಲ್ಲೊಂದು, ಮೈಕ್ರೊ ಅಂದರೆ ನ್ಯಾನೊದ ಸಾವಿರ ಪಟ್ಟು. 6 ಎಂವಿ (ಮೆಗಾವೋಲ್ಟ್) ಕಿರಣ, 10×10 ಸೆಂ.ಮೀ. ಫೀಲ್ಡ್, ನೀರಿನಲ್ಲಿ 10 ಸೆಂ.ಮೀ. ಆಳ, ಕಿರಣ ಹಾಯ್ದಾಗ ಒಳಗಿನ ಗಾಳಿಯಲ್ಲಿ ಹುಟ್ಟುವ ಆವೇಶವನ್ನು ಹಿಡಿಯುವ 0.6 ಸಿಸಿ ಫಾರ್ಮರ್ ಚೇಂಬರ್, 100 ಎಂಯು (ಮಷೀನ್ ಕಿರಣವನ್ನು ಎಣಿಸುವ ಮಾನಿಟರ್ ಯೂನಿಟ್). ಬೆಂಗಳೂರಿನಲ್ಲಿ, ಆ ಆವೇಶ ಅಳೆಯುವ ಎಲೆಕ್ಟ್ರೋಮೀಟರ್ ಸುಮಾರು 11.10 ನ್ಯಾನೊಕೂಲಂಬ್ ತೋರಿಸೀತು. ಪಿಕೊಗೆ ಇಳಿಸಿದರೆ 11,100, ಮೈಕ್ರೊಗೆ ಏರಿಸಿದರೆ 0.0111. ಬಿಂದು ಮೂರು ಮನೆ ಆಚೆಗೋ ಈಚೆಗೋ ಜರುಗುತ್ತದೆ, ಅಷ್ಟೇ. ಚೇಂಬರಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನಲ್ಲಿ ಕೂಲಂಬಿಗೆ 5.4×10⁷ ಗ್ರೇ ಅಂತಿದ್ದರೆ 10⁹ರಿಂದ ಭಾಗಿಸು: ನ್ಯಾನೊಕೂಲಂಬಿಗೆ 0.054 ಗ್ರೇ, ಅಂದರೆ 5.4 ಸೆಂಟಿಗ್ರೇ. ಬಾಯಿಪಾಠ ಮಾಡುವುದಾದರೆ ಇದೊಂದನ್ನು ಮಾಡು. ಆಟೋ ರೇಂಜ್ ಇರುವ ಮೀಟರಿನಲ್ಲಿ ಅಂಕಿಯ ಜೊತೆ ಘಟಕವನ್ನೂ ಅದೇ ಉಸಿರಿನಲ್ಲಿ ಬರೆದುಕೊ. ಇದನ್ನು ನಿನಗೆ ಹೇಳಬೇಕಾಗಿಯೇ ಇಲ್ಲವೇನೋ.

ಈಗ 11,100ನ್ನು ನ್ಯಾನೊ ಅಂತಲೇ ತಿಳಿದೆ ಅಂದುಕೊ. ಮುಂದೆ ಹೇಳುವ ತಿದ್ದುಪಡಿಗಳೂ ಸೇರಿ ಉತ್ತರ 0.669 ಬದಲು 669 ಗ್ರೇ ಬರುತ್ತದೆ. 100 ಎಂಯುಗೆ 669 ಗ್ರೇ! ಮಷೀನ್ ಚಾಲೂ ಮಾಡುವ ಹುಡುಗನೂ ನಗುತ್ತಾನೆ. ಸಾವಿರ ಪಟ್ಟಿನ ತಪ್ಪು ತಾನೇ ಕೂಗಿಕೊಳ್ಳುತ್ತದೆ ಕಣೇ. ಕೂಗದೆ ಕೂರುವುದು ಹತ್ತು ಹನ್ನೆರಡು ಪರ್ಸೆಂಟಿನ ತಪ್ಪು.

ಆ ಚೇಂಬರಿನ ಒಳಗಿರುವುದು ಹೊರಗಿನ ಗಾಳಿಯೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಒತ್ತಡ 910 ಮಿಲಿಬಾರ್ ಆಸುಪಾಸು, ಹಾಗಾಗಿ ಮೀಟರ್ ಕಮ್ಮಿ ತೋರಿಸುತ್ತದೆ; ಸರ್ಟಿಫಿಕೇಟಿನ ಅಂಕಿ 20 ಡಿಗ್ರಿ, 1013 ಮಿಲಿಬಾರಿಗೆ ಕೊಟ್ಟದ್ದು. ನೀರು 24 ಡಿಗ್ರಿ ಇದ್ದರೆ ತಿದ್ದುಪಡಿ (297.2/293.2)×(1013/910), ಅಂದರೆ 1.128. 11.10ನ್ನು ಇದರಿಂದ ಗುಣಿಸಿದರೆ 12.52. ಅದನ್ನು 0.054ರಿಂದ, ಮತ್ತೆ ಕಿರಣದ ಗುಣಮಟ್ಟದ 0.99ರಿಂದ ಗುಣಿಸಿದರೆ 0.669 ಗ್ರೇ. ಆ ಆಳದ ಡೋಸ್ ಗರಿಷ್ಠದ ಶೇಕಡಾ 66.7 ಆದರೆ, ಡೋಸ್ ಗರಿಷ್ಠವಾಗಿರುವ ಆಳದಲ್ಲಿ ಹೆಚ್ಚುಕಡಿಮೆ ಒಂದು ಗ್ರೇ.

ಯಾರೋ ಹವಾಮಾನದ ಆ್ಯಪ್ ನೋಡಿ 1013 ಹಾಕಿದರು ಅನ್ನು. ಆ ಅಂಕಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು, ನಿನ್ನ ಕೋಣೆಯದಲ್ಲ. ಆಗ ಡೋಸ್ 0.60 ಗ್ರೇ ಅಂತ ಬರುತ್ತದೆ, ಮಷೀನ್ ಕಮ್ಮಿ ಕೊಡುತ್ತಿದೆ ಅಂತ ಔಟ್‌ಪುಟ್ ಏರಿಸುತ್ತಾರೆ, ಮರುದಿನದಿಂದ ಪ್ರತಿ ರೋಗಿಗೂ ಹನ್ನೊಂದು ಪರ್ಸೆಂಟ್ ಹೆಚ್ಚು. ಯಾರೂ ನಗುವುದಿಲ್ಲ. ಇಲ್ಲಿ ಮಂಗಳೂರಿನಲ್ಲಿ, ಸಮುದ್ರದ ಪಕ್ಕದಲ್ಲಿ, ತಿದ್ದುಪಡಿಯಲ್ಲಿ ಒತ್ತಡದ ಪಾಲು ಹೆಚ್ಚುಕಡಿಮೆ 1.00, ಹಾಗಾಗಿ ಇಲ್ಲಿ ಕಲಿತವರಿಗೆ ಘಟ್ಟ ಹತ್ತಿದ ಮೇಲೆ ಇದು ಹೊಳೆಯುವುದಿಲ್ಲ. ನನ್ನ ಕೈಕೆಳಗಿನ ಹುಡುಗರಿಗೆ ಮೈಕ್ರೊ, ನ್ಯಾನೊ, ಪಿಕೊ ಅಂತ ಗಿಣಿಪಾಠ ಮಾಡಿಸಿದ್ದೇ ಆಯಿತು, ಬ್ಯಾರೋಮೀಟರ್ ಮುಂದೆ ನಿಲ್ಲಿಸಿ ಹೇಳಲಿಲ್ಲ. ಆ ಕೊರಗು ಇನ್ನೂ ಇದೆ.

ನಾವು ಓದುವಾಗ ಇನ್ನೂ ಆವೇಶದ ಹಳೆಯ ಅಳತೆ ಇಎಸ್‌ಯು ಇತ್ತು. ಒಂದು ಇಎಸ್‌ಯು ಅಂದರೆ 0.3336 ನ್ಯಾನೊಕೂಲಂಬ್. ರಾಂಟ್‌ಜನ್ ಅನ್ನುವ ಕಿರಣದ ಹಳೆಯ ಅಳತೆ ಹುಟ್ಟಿದ್ದೇ ಅದರಿಂದ: ಸೊನ್ನೆ ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, ಒಂದು ಸಿಸಿ ಒಣ ಗಾಳಿಯಲ್ಲಿ ಒಂದು ಇಎಸ್‌ಯು. ಆ ಗಾಳಿಯ ತೂಕ 1.293 ಮಿಲಿಗ್ರಾಂ. ಭಾಗಿಸಿ ನೋಡು, ಕಿಲೋಗೆ 2.58×10⁻⁴ ಕೂಲಂಬ್ ಬರುತ್ತದೆ. ಎಲ್ಲಿಂದ ಬಂತೆಂದು ತಿಳಿಯದೆ ಆ ಅಂಕಿಯನ್ನು ಎಷ್ಟು ವರ್ಷ ಉರು ಹೊಡೆದೆವೋ.

ಪಿಕೊ ನಿಜಕ್ಕೂ ಬೇಕಾಗುವುದು ಲೀಕೇಜ್, ಅಂದರೆ ಸುಮ್ಮನೆ ಸೋರುವ ಕರೆಂಟ್, ನೋಡುವಾಗ. ಕಿರಣವಿಲ್ಲದೆ 60 ಸೆಕೆಂಡ್ ಬಿಟ್ಟು ನೋಡು. 10 ಫೆಮ್ಟೊಆಂಪಿಯರ್ (ಫೆಮ್ಟೊ ಪಿಕೊದ ಸಾವಿರದಲ್ಲೊಂದು) ಸೋರಿದರೆ 0.6 ಪಿಕೊಕೂಲಂಬ್, ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಕನೆಕ್ಟರಿಗೆ ತೇವ ಹಿಡಿದು 1 ಪಿಕೊಆಂಪಿಯರ್ ಆಯಿತೋ, 60 ಪಿಕೊಕೂಲಂಬ್, ಅರ್ಧ ಪರ್ಸೆಂಟ್ ಹೋಯಿತು. ಕನೆಕ್ಟರನ್ನು ಬೆರಳಿನಿಂದ ಮುಟ್ಟಬೇಡ, ಮುಚ್ಚಳ ಹಾಕಿಡು. ಥರ್ಮಾಮೀಟರ್ ನೀರಿನೊಳಗಿರಲಿ, ಗೋಡೆಯ ಮೇಲಲ್ಲ. ಒಂದು ಡಿಗ್ರಿ ತಪ್ಪಿದರೆ ಡೋಸಿನಲ್ಲಿ 0.34 ಪರ್ಸೆಂಟ್ ವ್ಯತ್ಯಾಸ.

ಮತ್ತೆ ಆ ಸಾಲಿಗೇ ಬರುತ್ತೇನೆ. ರಾತ್ರಿ ಆ ಮೂರು ಸೊನ್ನೆ ನೆನಪಾದರೆ ಬೆಳಿಗ್ಗೆ ನಿಮ್ಮ ಆಸ್ಪತ್ರೆಯ ಬ್ಯಾರೋಮೀಟರ್ ಎಷ್ಟು ತೋರಿಸುತ್ತದೆ ನೋಡಿ ನನಗೆ ಬರೆ. 910ರ ಆಸುಪಾಸಿದ್ದರೆ ಕಾಗದ ಸಾಕು. 1013 ಇದ್ದರೆ ಆಗಲೇ ಫೋನ್ ಮಾಡು.

ನಿನ್ನ ದೊಡ್ಡಪ್ಪ